ಬೆಂಗಳೂರು ಕಾಮಿಕ್ ಕಾನ್‌ಗೆ ಮೊದಲ ಸಲ ವೇಷ ಕಟ್ಟಿ ಹೊರಟವರಿಗೆ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಬಿಡುವಾಗಿ ಕೂತು ಬರೆಯೋಣ ಅಂತ ಇವತ್ತಿಗೆ ಇಟ್ಟುಕೊಂಡೆ. ಉದ್ದ ಆಗುತ್ತದೆ, ಮಗಳ ಜೊತೆ ಕೂತು ಓದಿ.

ನೀವು ಕೇಳಿದ್ದು ಇದು, ಅಲ್ವಾ? ಮಗಳು ಮೊದಲ ಪಿಯುಸಿ. ದಾವಣಗೆರೆಯಿಂದ ಬೆಂಗಳೂರು ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್, ಸಿನಿಮಾ, ಗೇಮ್ ಅಭಿಮಾನಿಗಳು ಸೇರುವ ಮೇಳಕ್ಕೆ, ಹೋಗಲೇಬೇಕು, ಅದೂ ವಿಡಿಯೋ ಗೇಮಿನ ಒಂದು ಪಾತ್ರದ ವೇಷದಲ್ಲೇ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ಬೆಳ್ಳಿ ಬಣ್ಣದ ಕವಚ, ತನಗಿಂತ ಎತ್ತರದ ಕತ್ತಿ, ಬಿಳಿ ವಿಗ್. ರೆಡಿ ಡ್ರೆಸ್ಸಿಗೆ ಆನ್‌ಲೈನಿನಲ್ಲಿ ಹನ್ನೆರಡು ಸಾವಿರ ಹೇಳುತ್ತಿದ್ದಾರೆ. ಕೊಡಿಸಬೇಕಾ, ಹೆಣ್ಣುಮಗುವನ್ನು ಅಲ್ಲಿಗೆ ಕಳಿಸಬಹುದಾ, ಎಲ್ಲರೆದುರು ಹಾಗೆ ತಿರುಗಿದರೆ ನಗೆಪಾಟಲಾಗಲ್ವಾ.

ಡ್ರೆಸ್ಸು ಕೊಳ್ಳಬೇಡಿ. ಮನೆಯಲ್ಲೇ ಮಾಡಿ. ಮಗಳ ಜೊತೆ ನೀವೂ ಹೋಗಿ. ನಗುವವರು ಅಲ್ಲಿ ಯಾರೂ ಇರುವುದಿಲ್ಲ, ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನ ವೇಷ ನೋಡಲಿಕ್ಕೇ ಬರುತ್ತಾರೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಅನ್ನುವ ಇಬ್ಬರು ಭವಿಷ್ಯದ ಮನುಷ್ಯರ ಉಡುಪು ತೊಟ್ಟು ಬಂದಿದ್ದರು. ಎರಡೂ ಉಡುಪು ಮಾಡಿದ್ದು ಮರ್ಟಲ್. ಈ ಹವ್ಯಾಸದ ಶುರುವಿನ ದಿನಗಳಲ್ಲೇ ಒಬ್ಬ ಹೆಣ್ಣುಮಗಳ ಕೈಕೆಲಸ ಇತ್ತು. ನಿಮ್ಮ ಮಗಳು ಹೊಸದೇನೂ ಮಾಡಲು ಹೊರಟಿಲ್ಲ.

ಮೊದಲು ಕಾರ್ಯಕ್ರಮದ ಬಗ್ಗೆ. ಕಾಮಿಕ್ ಕಾನ್ ಇಂಡಿಯಾ ದೆಹಲಿಯಲ್ಲಿ 2011ರಲ್ಲಿ ಶುರುವಾಯಿತು, ಬೆಂಗಳೂರಿಗೆ 2012ರಲ್ಲಿ ಬಂತು. ಈಚೆಗೆ ವೈಟ್‌ಫೀಲ್ಡ್‌ನ ಕೆಟಿಪಿಒ ಅನ್ನುವ ವಸ್ತುಪ್ರದರ್ಶನ ಆವರಣದಲ್ಲಿ ಶನಿವಾರ, ಭಾನುವಾರ ಎರಡು ದಿನ ನಡೆಯುತ್ತಿದೆ. ತಿಂಗಳು ಮಾತ್ರ ಪ್ರತಿ ವರ್ಷ ಒಂದೇ ಇರುವುದಿಲ್ಲ. 2022ರಲ್ಲಿ ನವೆಂಬರ್‌ನಲ್ಲಿ ಆಯಿತು, 2025ರಲ್ಲಿ ಜನವರಿಯಲ್ಲೂ ಆಗಿದೆ. ಹಾಗಾಗಿ ದಿನಾಂಕ ಘೋಷಣೆ ಆದ ಮೇಲೆಯೇ ರೈಲು, ಲಾಡ್ಜು ಬುಕ್ ಮಾಡಿ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ, ಒಂದೊಂದು ದಿನಕ್ಕೆ ಬೇರೆ ಬೇರೆ ಟಿಕೆಟ್. ಎರಡರಲ್ಲಿ ಒಂದೇ ದಿನ ಅಂದರೆ ನಾನು ಶನಿವಾರ ಅನ್ನುತ್ತೇನೆ. ಭಾನುವಾರ ಸಂಜೆ ವೇಷ ಕಳಚಿ, ಮುಖ ತೊಳೆದು, ರಾತ್ರಿ ಬಸ್ಸು ಹತ್ತಿ ಸೋಮವಾರ ಕಾಲೇಜಿಗೆ ಹೋಗುವುದು ಮಗುವಿಗೆ ಸುಸ್ತು.

ಇನ್ನು ವೇಷ. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ದಿನ ಚೆನ್ನಾಗಿ ಕಳೆಯುವುದೂ ಹಾಳಾಗುವುದೂ ಇದರ ಮೇಲೇ ನಿಂತಿದೆ. ಫೋಟೋದಲ್ಲಿ ಹೇಗೆ ಕಾಣುತ್ತದೆ ಅನ್ನುವುದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಆ ವೇಷದಲ್ಲಿ ಏಳೆಂಟು ಗಂಟೆ ಇರಬೇಕು. ಕೂರಬೇಕು, ಮೆಟ್ಟಿಲು ಹತ್ತಬೇಕು, ನೀರು ಕುಡಿಯಬೇಕು, ಟಾಯ್ಲೆಟ್ಟಿಗೆ ಹೋಗಬೇಕು. ಒಬ್ಬ ಹುಡುಗ ದೊಡ್ಡ ರೆಕ್ಕೆಯ ವೇಷ ಹಾಕಿಕೊಂಡು ಬಂದಿದ್ದ. ನೋಡಲು ಕಣ್ಣು ಸಾಲದು, ಅಷ್ಟು ಚೆಂದ. ಆದರೆ ಕೂರಲು ಆಗದೆ ಕಂಬಕ್ಕೆ ಹಣೆ ಒರಗಿಸಿ ನಿಂತಿದ್ದ. ಗೆಳೆಯ ಸ್ಟ್ರಾ ಹಾಕಿ ಬಾಟಲಿ ಹಿಡಿದು ಕುಡಿಸುತ್ತಿದ್ದ. ಮಧ್ಯಾಹ್ನಕ್ಕೇ ಮನೆಗೆ ಹೊರಟುಬಿಟ್ಟ ಪಾಪ.

ನಾನು ಕುಂದಾಪುರದ ಕಡೆಯವನು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಕಟ್ಟುವುದನ್ನು ಮಗಳಿಗೆ ಒಮ್ಮೆ ತೋರಿಸಿ, ಮೇಳ ನಿಮ್ಮ ಕಡೆ ಬರದಿದ್ದರೆ ವಿಡಿಯೋದಲ್ಲಾದರೂ ಸರಿ. ಭುಜಕೀರ್ತಿ, ಎದೆಕಟ್ಟು, ತೋಳಿನ ಆಭರಣ ಎಲ್ಲವೂ ಹಗುರ ಮರದಲ್ಲಿ ಕೆತ್ತಿ, ಮೇಲೆ ಹೊಳೆಯುವ ಬೇಗಡೆ ಹಾಳೆ, ಕನ್ನಡಿ ಚೂರು ಅಂಟಿಸಿದವು. ಪ್ರತಿಯೊಂದೂ ಬಿಡಿ. ಒಂದೊಂದನ್ನೂ ಹಗ್ಗದಿಂದ ಮೈಗೆ ಬಿಗಿಯುತ್ತಾರೆ. ಅದಕ್ಕೇ ಕಲಾವಿದರು ಅಷ್ಟು ವೇಷ ಹೊತ್ತು ರಾತ್ರಿಯಿಡೀ ಕುಣಿಯಲು ಆಗುವುದು. ಕವಚದ ಕಾಸ್‌ಪ್ಲೇಗೂ (ಹೀಗೆ ಪಾತ್ರದ ವೇಷ ಕಟ್ಟುವುದಕ್ಕೆ ಹಾಗೆ ಅನ್ನುತ್ತಾರೆ) ಇದೇ ದಾರಿ. ಎದೆಯದು ಬೇರೆ, ಬೆನ್ನಿನದು ಬೇರೆ, ಭುಜದ್ದು ಬೇರೆ ಮಾಡಿ. ಸ್ಕೂಲ್ ಬ್ಯಾಗಿನ ಬಕಲ್, ಅಗಲ ಎಲಾಸ್ಟಿಕ್, ವೆಲ್ಕ್ರೋ ಹಾಕಿ ಸೇರಿಸಿ. ಒಂದು ತುಂಡು ಕಿತ್ತರೂ ಉಳಿದದ್ದು ನಿಲ್ಲುತ್ತದೆ, ಊಟಕ್ಕೆ ಕೂರುವಾಗ ಭುಜದ್ದು ಬಿಚ್ಚಿ ಪಕ್ಕಕ್ಕೆ ಇಡಬಹುದು.

ಕವಚಕ್ಕೆ ಬೇಕಾದ್ದು ಇವಿಎ ಫೋಮ್. ಮಕ್ಕಳು ಆಡಲು ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಬಣ್ಣಬಣ್ಣದ ಮ್ಯಾಟ್ ಇರುತ್ತದಲ್ಲ, ಹೆಚ್ಚಾಗಿ ಅದೇ. ಅದು ಸುಮಾರು 10 ಮಿಲಿಮೀಟರ್ ದಪ್ಪ, ಎದೆಗೆ, ಬೆನ್ನಿಗೆ ಸಾಕು. ಭುಜಕ್ಕೆ, ಕೈಗೆ 5 ಅಥವಾ 6 ಮಿಲಿಮೀಟರಿನದು ಒಳ್ಳೆಯದು. ಮೇಲಿನ ಗೆರೆ, ಹೂವಿನ ಕುಸುರಿಗೆ ಸ್ಟೇಷನರಿ ಅಂಗಡಿಯ 2 ಮಿಲಿಮೀಟರ್ ಫೋಮ್ ಶೀಟು. ಯೋಗ ಮ್ಯಾಟ್ ಮಾತ್ರ ನೋಡಿ ತೆಗೆದುಕೊಳ್ಳಿ. ಎಷ್ಟೋ ಯೋಗ ಮ್ಯಾಟು ಪಿವಿಸಿಯವು, ಅದಕ್ಕೆ ಬಿಸಿ ತಾಗಿಸಿದರೆ ಕೆಟ್ಟ ಹೊಗೆ ಬರುತ್ತದೆ. ಥರ್ಮಾಕೋಲ್ ಬೇಡವೇ ಬೇಡ. ಮುರಿಯುತ್ತದೆ ಅನ್ನುವುದು ಒಂದು. ಜೊತೆಗೆ ನಾವು ಹಚ್ಚುವ ಗಮ್ಮೂ ಸ್ಪ್ರೇ ಪೇಂಟೂ ಅದನ್ನು ಕರಗಿಸಿಬಿಡುತ್ತವೆ.

ಅಳತೆ ತೆಗೆಯಲು ಒಂದು ಸುಲಭದ ದಾರಿ ಇದೆ. ಹಳೆಯ ಟೀ ಶರ್ಟ್ ಹಾಕಿಸಿ, ಅದರ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಅದರ ಮೇಲೆ ಅಗಲದ ಟೇಪು ಅಂಟಿಸಿ. ಉಸಿರು ಕಟ್ಟುವಷ್ಟು ಬಿಗಿ ಬೇಡ. ಮಾರ್ಕರಿನಲ್ಲಿ ಕವಚದ ಗೆರೆ ಎಳೆದು, ಬದಿಯಲ್ಲಿ ಹುಷಾರಾಗಿ ಕತ್ತರಿಸಿ ತೆಗೆದರೆ ಮಗಳ ಮೈಯದೇ ಪ್ಯಾಟರ್ನ್ ಸಿಗುತ್ತದೆ. ಅದನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಹಾಕಿ ನೋಡಿ. ಫೋಮಿಗೆ ಆಮೇಲೆ ಕೈ ಹಚ್ಚಿ.

ಕತ್ತರಿಸಲು ಪೇಪರ್ ಕಟ್ಟರ್ ಸಾಕು, ಆದರೆ ಬ್ಲೇಡು ಆಗಾಗ ಬದಲಿಸಿ. ಮೊಂಡು ಬ್ಲೇಡು ಫೋಮನ್ನು ಹರಿಯುತ್ತದೆ, ಅಂಚು ಇಲಿ ಕಡಿದ ಹಾಗೆ ಕಾಣುತ್ತದೆ. ಮೂಲೆ ತಿರುಗುವ ಕಡೆ ಎರಡೂ ಅಂಚನ್ನು ಓರೆಯಾಗಿ ಕೊಯ್ದು ಸೇರಿಸಿದರೆ ಕೋನ ತಾನೇ ಬರುತ್ತದೆ. ಅಂಟಿಸಲು ಪ್ಲೈವುಡ್ ಅಂಗಡಿಯಲ್ಲಿ ಸಿಗುವ ಫೆವಿಕಾಲ್ ಎಸ್‌ಆರ್ 998 ತನ್ನಿ. ಚಪ್ಪಲಿ ರಿಪೇರಿಯವರು ಹಚ್ಚುವಂಥ ರಬ್ಬರ್ ಗಮ್ ಅದು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ ಬಿಡಿ. ಹತ್ತು ಹದಿನೈದು ನಿಮಿಷ ಆಗಿ ಬೆರಳು ಮುಟ್ಟಿದರೆ ಅಂಟಿಕೊಳ್ಳದೆ ಬರುವ ಹೊತ್ತಿಗೆ ಎರಡನ್ನೂ ಒತ್ತಿ. ಒಮ್ಮೆ ಕೂತರೆ ಆಮೇಲೆ ಸರಿಸಲು ಆಗುವುದಿಲ್ಲ, ನೋಡಿ ಕೂರಿಸಿ. ಈ ಕೆಲಸ ಬಾಗಿಲು, ಕಿಟಕಿ ತೆಗೆದು ಮಾಡಿ, ಸಾಧ್ಯವಾದರೆ ವರಾಂಡದಲ್ಲೇ ಮಾಡಿ. ಆ ಗಮ್ಮಿನ ವಾಸನೆ ತಲೆಗೆ ಹಿಡಿಯುತ್ತದೆ, ಹತ್ತಿರದಲ್ಲಿ ಒಲೆ, ದೀಪ ಇರಲೇಬಾರದು.

ಹೀಟ್ ಗನ್ ಇದ್ದರೆ ಒಳ್ಳೆಯದು. ಪರಿಚಯದ ಎಲೆಕ್ಟ್ರಿಶಿಯನ್ ಹತ್ತಿರ ಇದ್ದರೆ ಒಂದೆರಡು ದಿನಕ್ಕೆ ಕೇಳಿ. ಬಿಸಿ ಗಾಳಿ ಹಾಯಿಸುತ್ತಾ ಹೋದ ಹಾಗೆ ಮಂಕಾಗಿದ್ದ ಫೋಮಿನ ಮೈ ಸಣ್ಣಗೆ ಹೊಳೆಯತೊಡಗುತ್ತದೆ. ಸಣ್ಣ ರಂಧ್ರಗಳು ಮುಚ್ಚಿದವು ಅಂತ ಅರ್ಥ. ಆ ಬಿಸಿಯಲ್ಲೇ ನೀರಿನ ಕೊಡದ ಮೇಲೆ ಒತ್ತಿ ಹಿಡಿದರೆ ಭುಜದ ಬಾಗು ಬರುತ್ತದೆ, ತಣಿದ ಮೇಲೂ ಹಾಗೇ ನಿಲ್ಲುತ್ತದೆ. ಕೈಗೆ ದಪ್ಪ ಗ್ಲೌಸ್ ಇರಲಿ. ಆಮೇಲೆ ಬಿಳಿ ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ಮೂರು ನಾಲ್ಕು ಸಲ ಬಳಿಯಿರಿ, ಪ್ರತಿ ಸಲ ಒಣಗಲು ಬಿಡಿ. ಇದನ್ನು ಬಿಟ್ಟು ನೇರ ಬಣ್ಣ ಹಚ್ಚಿದರೆ ಫೋಮ್ ಬಣ್ಣ ಕುಡಿಯುತ್ತದೆ, ಬಗ್ಗಿದ ಕಡೆ ಬಿರುಕು ಬಿಡುತ್ತದೆ. ಬೆಳ್ಳಿ ಬಣ್ಣದ ಕೆಳಗೆ ಮೊದಲು ಕಪ್ಪು ಕೊಡಿ. ಲೋಹ ಅನ್ನಿಸುವುದು ಆಗಲೇ.

ಕತ್ತಿಯ ಒಳಗೆ ಕಬ್ಬಿಣದ ಸರಳು ಹಾಕಬೇಡಿ. ಗೇಟಿನಲ್ಲಿ ತಪಾಸಣೆ ಇರುತ್ತದೆ, ಲೋಹದ ಆಯುಧ, ನಿಜದ ಹಾಗೆ ಕಾಣುವ ಬಂದೂಕು ಒಳಗೆ ಬಿಡುವುದಿಲ್ಲ. ಗುಂಪಿನಲ್ಲಿ ಯಾರಿಗಾದರೂ ತಾಗಿದರೆ ಅನಾಹುತ. ನೀರಿನ ಪಿವಿಸಿ ಪೈಪು ಒಳಗಿಟ್ಟು ಮೇಲೆ ಫೋಮ್ ಕಟ್ಟಿ. ನಡುವೆ ಕಪ್ಲಿಂಗ್ ಹಾಕಿ ಎರಡು ತುಂಡು ಆಗುವ ಹಾಗೆ ಮಾಡಿ, ಇಲ್ಲದಿದ್ದರೆ ರೈಲಿನಲ್ಲೂ ಆಟೋದಲ್ಲೂ ಒದ್ದಾಟ. ಆ ವರ್ಷದ ಆಯುಧದ ನಿಯಮ ಟಿಕೆಟ್ ಪುಟದಲ್ಲಿ ಹಾಕಿರುತ್ತಾರೆ, ಕತ್ತಿ ಶುರು ಮಾಡುವ ಮೊದಲೇ ಓದಿ.

ಕವಚದ ಒಳಗೆ ಹತ್ತಿ ಬಟ್ಟೆಯೇ ಇರಲಿ. ದಾವಣಗೆರೆಯವರಿಗೆ ಬಟ್ಟೆಯ ಬಗ್ಗೆ ನಾನೇನು ಹೇಳುವುದು! ಚಪ್ಪಲಿ ಹೊಸದು ಬೇಡ. ಕಾಲಿಗೆ ಒಗ್ಗಿರುವ ಶೂಗೇ ಫೋಮಿನ ಮುಚ್ಚಿಗೆ ಮಾಡಿ ಮೇಲೆ ಸಿಕ್ಕಿಸಿ. ಇವಿಷ್ಟರಲ್ಲಿ ಕೊಳ್ಳಲೇಬೇಕಾದ್ದು ವಿಗ್ ಒಂದೇ. ಅದು ಪ್ಲಾಸ್ಟಿಕ್ ಎಳೆ, ಮಾಮೂಲಿ ಸ್ಟ್ರೇಟ್ನರ್ ತಾಗಿಸಿದರೆ ಕರಗುವುದುಂಟು, ಪ್ಯಾಕೆಟ್ ಮೇಲೆ ಬರೆದದ್ದು ನೋಡಿ. ಕೂದಲನ್ನು ಬಿಗಿಯಾಗಿ ಸುತ್ತಿ ಪಿನ್ ಮಾಡಿ, ವಿಗ್ ಕ್ಯಾಪ್ ಹಾಕಿ, ಅದರ ಮೇಲೆ ವಿಗ್. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಕೇಳಿದರೆ ಕಣ್ಣಿನ ಡಾಕ್ಟರ್ ನೋಡದೆ ಒಪ್ಪಬೇಡಿ, ಗೆಳತಿಯದ್ದಂತೂ ಖಂಡಿತ ಬೇಡ. ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಪೂರ್ತಿ ವೇಷದಲ್ಲಿ ಮನೆಯಲ್ಲೇ ಎರಡು ಮೂರು ಗಂಟೆ ಓಡಾಡಿಸಿ. ಎಲ್ಲಿ ಉಜ್ಜುತ್ತದೆ, ಎಲ್ಲಿ ಕಳಚುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಮಾತು ಎಲ್ಲರಿಗೂ ಹೇಳುತ್ತೇನೆ, ನಿಮ್ಮ ಮಗಳಿಗೆ ಅಂತ ಅಲ್ಲ. ನಮ್ಮ ನೆಲದ ವೇಷ ಹಾಕುವವರು ಹೆಚ್ಚಾಗಲಿ ಅನ್ನುವುದು ನನ್ನ ಆಸೆ. ಪುರಾಣದ ಪಾತ್ರ ಮಾಡಿ, ಜಾನಪದ ಕಥೆಯವರನ್ನು ಮಾಡಿ. ದೈವದ ವೇಷ ಮಾತ್ರ ದಯವಿಟ್ಟು ಬೇಡ. ಕರಾವಳಿಯಲ್ಲಿ ನಾವು ದೈವಕ್ಕೆ ಕೈ ಮುಗಿದು ನಡೆದುಕೊಳ್ಳುವವರು. ಕಾಂತಾರ ಸಿನಿಮಾ ನೋಡಿ ಬಂದವರು ಹಾಗೆ ವೇಷ ಹಾಕಿ ಕುಣಿದಾಗ ನೋವಾಗಿದೆ. 2025ರಲ್ಲಿ ಸಿನಿಮಾ ಮಾಡಿದವರೇ ಹಾಗೆ ಮಾಡಬೇಡಿ ಅಂತ ಮನವಿ ಮಾಡಿದ್ದರು.

ಹೋಗುವ ದಿನದ ವಿಷಯ. ಮೆಜೆಸ್ಟಿಕ್‌ನಲ್ಲಿ ರೈಲು ಇಳಿದರೆ ಅಲ್ಲೇ ನೇರಳೆ ಮಾರ್ಗದ ಮೆಟ್ರೋ, ವೈಟ್‌ಫೀಲ್ಡ್ ಕಡೆಗೆ ನೇರ ಹೋಗುತ್ತದೆ, ಸುಮಾರು ಒಂದು ಗಂಟೆ. ದೊಡ್ಡ ಲಗೇಜಿಗೆ ಮೆಟ್ರೋದಲ್ಲಿ ಬೇರೆ ಟಿಕೆಟ್ ಕೇಳುತ್ತಾರೆ, ಕತ್ತಿಯಂಥದ್ದು ಕಂಡರೆ ತಪಾಸಣೆಯಲ್ಲಿ ತಡೆಯಲೂಬಹುದು. ಅದಕ್ಕೆ ನನ್ನ ಸಲಹೆ, ಹಿಂದಿನ ರಾತ್ರಿಯೇ ವೈಟ್‌ಫೀಲ್ಡ್ ಹತ್ತಿರ ಉಳಿದುಕೊಳ್ಳಿ. ಬೆಳಿಗ್ಗೆ ರೂಮಿನಲ್ಲೇ ಆರಾಮಾಗಿ ವೇಷ ಕಟ್ಟಿ ಆಟೋದಲ್ಲಿ ಹೋಗಿ. ಒಳಗೆ ಬಟ್ಟೆ ಬದಲಿಸಲು ಜಾಗ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಚೀಲದಲ್ಲಿ ಸೇಫ್ಟಿ ಪಿನ್, ಸೂಜಿ ದಾರ, ಟೇಪು, ಫೆವಿಕ್ವಿಕ್, ಸ್ಟ್ರಾ, ಓಆರ್‌ಎಸ್ ಇರಲಿ. ಏನಾದರೂ ಕಿತ್ತರೆ ನಾಚಿಕೆ ಬಿಟ್ಟು ಅಕ್ಕಪಕ್ಕದ ವೇಷದವರನ್ನು ಕೇಳಿ. ಗುರುತು ಪರಿಚಯ ಇಲ್ಲದವರೂ ನೆಲದ ಮೇಲೆ ಕೂತು ಬಕಲ್ ಹೊಲಿದುಕೊಡುತ್ತಾರೆ, ನಾನು ಕಂಡಿದ್ದೇನೆ. ನನಗೆ ಈ ಹವ್ಯಾಸ ಇಷ್ಟವಾಗಲು ಇದೂ ಒಂದು ಕಾರಣ.

ಮಗಳ ಸುರಕ್ಷತೆ ಕೇಳಿದ್ದೀರಿ. ವೇಷ ಚೆನ್ನಾಗಿದ್ದರೆ ಹೆಜ್ಜೆ ಹೆಜ್ಜೆಗೂ ಫೋಟೋ ಕೇಳುತ್ತಾರೆ. ಹೆಚ್ಚಿನವರು ಮರ್ಯಾದೆಯಿಂದ ಕೇಳಿಯೇ ತೆಗೆಯುತ್ತಾರೆ. ಆದರೂ ಹೆಗಲ ಮೇಲೆ ಕೈ ಹಾಕುವವರು, ಕೇಳದೆ ಫೋನ್ ಹಿಡಿಯುವವರು ಸಿಗಬಹುದು. ಜಗತ್ತಿನ ದೊಡ್ಡ ಸಮ್ಮೇಳನಗಳಲ್ಲೂ ಇದೇ ತೊಂದರೆ ಇತ್ತು. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನವರು ವೇಷ ಹಾಕಿದ್ದಾರೆ ಅಂದ ಮಾತ್ರಕ್ಕೆ ಮುಟ್ಟಬಹುದು ಅಂತಲ್ಲ ಅಂತ ದೊಡ್ಡ ಬೋರ್ಡುಗಳನ್ನೇ ನಿಲ್ಲಿಸಿದರು. "ಕೈ ಹಾಕಬೇಡಿ", "ಈಗ ಫೋಟೋ ಬೇಡ" ಅಂತ ಗಟ್ಟಿಯಾಗಿ ಹೇಳುವುದನ್ನು ಮಗಳಿಗೆ ಮನೆಯಲ್ಲೇ ರೂಢಿ ಮಾಡಿಸಿ. ಯಾರಾದರೂ ಮೀರಿದರೆ ಸೆಕ್ಯುರಿಟಿಯವರಿಗೆ ತಕ್ಷಣ ಹೇಳಿ, ಸುಮ್ನೆ ಬಿಡಬೇಡಿ. ಗುಂಪಿನಲ್ಲಿ ಫೋನ್ ನೆಟ್‌ವರ್ಕ್ ಸತ್ತುಹೋಗುತ್ತದೆ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಒಳಗೆ ಕಾಲಿಟ್ಟ ಕೂಡಲೇ ಒಂದು ಜಾಗ ಗುರುತು ಮಾಡಿಕೊಳ್ಳಿ. ಇದೇ ಕಾರಣಕ್ಕೆ ಕೈಯಲ್ಲಿ ನಗದೂ ಇರಲಿ, ಯುಪಿಐ ಒಂದನ್ನೇ ನೆಚ್ಚಬೇಡಿ.

ಸ್ಪರ್ಧೆಗೆ ಸೇರಬೇಕಾ ಅಂತಲೂ ಮಗಳು ಕೇಳಿದ್ದಾಳೆ. ಸೇರಲಿ, ಆದರೆ ವೇದಿಕೆ ಹತ್ತುವ ತನಕ ಕಾಯುವುದರಲ್ಲಿ ಅರ್ಧ ದಿನ ಹೋಗುತ್ತದೆ. ಮೊದಲ ವರ್ಷ ಸುತ್ತಾಡಲಿ ಅನ್ನುವುದು ನನ್ನ ಅಭಿಪ್ರಾಯ. ಏನೇ ಆದರೂ ವೇಷ ಮಾಡುವಾಗಿನ ಫೋಟೋಗಳನ್ನು ತೆಗೆದಿಡಿ. ನೋಡಿದವರೆಲ್ಲ ಮೊದಲು ಕೇಳುವುದು "ಇದು ಯಾವುದರಲ್ಲಿ ಮಾಡಿದ್ದು?" ಅಂತಲೇ. ಕೊಂಡ ಡ್ರೆಸ್ಸಾದರೆ ಹೇಳಲು ಏನೂ ಇರುವುದಿಲ್ಲ.

ದೊಡ್ಡ ಕಂಪನಿಗಳ ಗದ್ದಲದ ಸ್ಟಾಲುಗಳಲ್ಲೇ ಹೊತ್ತು ಕಳೆಯಬೇಡಿ. ಚಿತ್ರ ಬರೆಯುವವರು ತಮ್ಮದೇ ಕಾಮಿಕ್ಸ್, ಸ್ಟಿಕರ್ ಇಟ್ಟುಕೊಂಡು ಕೂತಿರುವ ಸಾಲು ಒಂದಿರುತ್ತದೆ, ಅಲ್ಲಿಗೆ ಹೋಗಿ. ಬಕರ್‌ಮ್ಯಾಕ್ಸ್, ಹೋಲಿ ಕೌ, ಯಾಳಿ ಡ್ರೀಮ್ ಕ್ರಿಯೇಷನ್ಸ್‌ನಂಥ ನಮ್ಮ ದೇಶದ ಪ್ರಕಾಶಕರು ಇಂಥ ಕಡೆಯೇ ಓದುಗರನ್ನು ಕಂಡುಕೊಂಡವರು. ಕನ್ನಡದ ಕಾಮಿಕ್ಸ್ ಅಲ್ಲಿ ಕಾಣುವುದು ತೀರಾ ಕಡಿಮೆ, ಆ ಕೊರತೆ ನನಗೆ ಪ್ರತಿ ಸಲ ಚುಚ್ಚುತ್ತದೆ. ಮಗಳಿಗೆ ಚಿತ್ರ ಬರೆಯುವ ಹುಚ್ಚೂ ಇದ್ದರೆ ಅವರ ಹತ್ತಿರ ಮಾತಾಡಿಸಿ. ಒಂದು ದಿನ ಮುಂಚೆ ಬಂದರೆ ಟ್ರಿನಿಟಿ ಮೆಟ್ರೋ ಹತ್ತಿರದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯನ್ನೂ ನೋಡಬಹುದು, ಅದೂ ಅದೇ ನೇರಳೆ ಮಾರ್ಗದಲ್ಲಿದೆ. ಭಾನುವಾರ ಮಾತ್ರ ತೆರೆದಿರುವುದಿಲ್ಲ.

ಖರ್ಚಿನ ಲೆಕ್ಕ ನಿಮ್ಮೂರಿನ ಅಂಗಡಿಗಳಲ್ಲಿ ಕೇಳಿಕೊಂಡು ಹಾಕಿ. ಫೋಮ್, ಗಮ್, ಬಣ್ಣ, ವಿಗ್ ಎಲ್ಲ ಸೇರಿದರೂ ಆ ಹನ್ನೆರಡು ಸಾವಿರದ ಹತ್ತಿರಕ್ಕೆ ಹೋಗುವುದಿಲ್ಲ. ಎರಡು ತಿಂಗಳು ಮೊದಲೇ ಶುರು ಮಾಡಿ, ಓದಿನ ನಡುವೆ ಶನಿವಾರ ಭಾನುವಾರ ಮಾತ್ರ ಕೂತರೂ ಮುಗಿಯುತ್ತದೆ. ಭುಜದಿಂದ ಭುಜಕ್ಕೆ ಅಳತೆ, ಎದೆ ಸುತ್ತಳತೆ, ಮಗಳ ಎತ್ತರ ಮೂರನ್ನೂ ಮೆಸೇಜ್ ಮಾಡಿ. ಪಾತ್ರದ ಒಂದು ಚಿತ್ರವನ್ನೂ, ಮುಂದಿನದು ಹಿಂದಿನದು ಎರಡೂ ಕಾಣುವ ಹಾಗೆ, ಕಳಿಸಿ. ಭುಜದ ಕವಚಕ್ಕೆ ನನ್ನ ಹತ್ತಿರ ರಟ್ಟಿನ ಪ್ಯಾಟರ್ನ್ ಇದೆ, ಅದನ್ನು ಮಗಳ ಅಳತೆಗೆ ಇಳಿಸಿ ಈ ವಾರದಲ್ಲೇ ಇಲ್ಲಿ ಹಾಕುತ್ತೇನೆ.