ಇಂಗ್ಲಿಷ್ ಸಾಹಿತ್ಯದ ಪಿಎಚ್.ಡಿ.ಗೆ ಅರ್ಜಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ವಿಶ್ವವಿದ್ಯಾಲಯಗಳ ಇಂಗ್ಲಿಷ್ ವಿಭಾಗಗಳಿಗೆ ಅರ್ಜಿ ಹಾಕುವವರಿಂದ ಈ ಸಲ ಸಾಕಷ್ಟು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅರ್ಜಿಗೆ ಕೊನೆಯ ದಿನ ಡಿಸೆಂಬರ್ ಮಧ್ಯದಲ್ಲಿದೆ. ಜೂನ್‌ನಿಂದಲೇ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಬರೆಯಲು ಕೂತಿದ್ದೇನೆ, ಮೊದಲ ಪ್ಯಾರಾ ದಾಟುತ್ತಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಸ್ಟೇಟ್‌ಮೆಂಟನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ರೈಟಿಂಗ್ ಸ್ಯಾಂಪಲ್, ಅಂದರೆ ಅರ್ಜಿಯ ಜೊತೆ ಮಾದರಿಯಾಗಿ ಕಳಿಸುವ ನಿಮ್ಮ ವಿಮರ್ಶಾ ಬರಹ, ಯಾವುದೆಂದು ತೀರ್ಮಾನಿಸಿ. ನೀವು ಏನು ಮಾಡಬೇಕೆಂದಿದ್ದೀರಿ ಎಂಬುದನ್ನು ಸ್ಟೇಟ್‌ಮೆಂಟ್ ಹೇಳುತ್ತದೆ. ಅದು ನಿಮ್ಮಿಂದ ಆಗುತ್ತದೆಯೇ ಎಂಬುದು ಗೊತ್ತಾಗುವುದು ಸ್ಯಾಂಪಲ್‌ನಿಂದ. ಒಂದು ಪಠ್ಯವನ್ನು ಹಿಡಿದು ಇಪ್ಪತ್ತು ಪುಟಗಳ ಕಾಲ ವಾದವನ್ನು ಬೆಳೆಸುವ ಶಕ್ತಿ ಅರ್ಜಿಯ ಬೇರಾವ ಭಾಗದಲ್ಲೂ ಕಾಣುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಸ್ಯಾಂಪಲ್ ತಿದ್ದುವಾಗ ನಿಮ್ಮ ನಿಜವಾದ ಪ್ರಶ್ನೆ ಯಾವುದೆಂದು ನಿಮಗೇ ಹೊಳೆಯುತ್ತದೆ, ಸ್ಟೇಟ್‌ಮೆಂಟಿನ ಮೊದಲ ಪ್ಯಾರಾಕ್ಕೆ ಬೇಕಾದದ್ದೂ ಅದೇ.

ಜೂನ್, ಜುಲೈನಲ್ಲಿ ಸ್ಯಾಂಪಲ್ ಆಯ್ಕೆ, ಆಗಸ್ಟ್ ಪೂರ್ತಿ ಅದರ ಪುನರ್‌ಬರವಣಿಗೆ, ಸೆಪ್ಟೆಂಬರ್‌ನಲ್ಲಿ ಶಿಫಾರಸು ಪತ್ರಗಳಿಗೆ ಕೋರಿಕೆ, ಅಕ್ಟೋಬರ್‌ನಲ್ಲಿ ಸ್ಟೇಟ್‌ಮೆಂಟ್ ಎಂದು ಇಟ್ಟುಕೊಳ್ಳಿ. ನವೆಂಬರ್ ತಿಂಗಳು ಒಂದೊಂದು ವಿಭಾಗಕ್ಕೂ ತಕ್ಕಂತೆ ಸ್ಟೇಟ್‌ಮೆಂಟ್ ತಿದ್ದುವುದಕ್ಕೇ ಬೇಕಾಗುತ್ತದೆ.

ಪ್ರಶ್ನೆ: ನನ್ನ ಎಂ.ಎ. ಪ್ರಬಂಧ 60 ಪುಟ ಇದೆ. ಸ್ಯಾಂಪಲ್‌ಗೆ ವಿಭಾಗದವರು ಕೇಳುವುದು 15ರಿಂದ 20. ಮೊದಲ ಅಧ್ಯಾಯವನ್ನು ಹಾಗೇ ಕಳಿಸಬಹುದೇ?

ಬೇಡ. ಪ್ರಬಂಧದ ಮೊದಲ ಅಧ್ಯಾಯ ಸಾಮಾನ್ಯವಾಗಿ ಪೂರ್ವ ಅಧ್ಯಯನಗಳ ಸಮೀಕ್ಷೆ. ಅದನ್ನು ಓದಿದವರಿಗೆ ಬೇರೆಯವರು ಏನೆಂದರು ಎಂಬುದು ತಿಳಿಯುತ್ತದೆ, ನೀವು ಹೇಗೆ ಓದುತ್ತೀರಿ ಎಂಬುದು ತಿಳಿಯುವುದಿಲ್ಲ. ಒಂದು ಪಠ್ಯದ ಒಳಗೆ ತೀರಾ ಆಳಕ್ಕೆ ಇಳಿದಿರುವ ಅಧ್ಯಾಯವನ್ನು ಆರಿಸಿಕೊಳ್ಳಿ. ಅದು ಎರಡನೆಯದಿರಲಿ, ಮೂರನೆಯದಿರಲಿ, ಅದಕ್ಕೆ ತನ್ನದೇ ಆದ ಆರಂಭವನ್ನೂ ಮುಕ್ತಾಯವನ್ನೂ ಹೊಸದಾಗಿ ಬರೆಯಿರಿ. "ಹಿಂದಿನ ಅಧ್ಯಾಯದಲ್ಲಿ ನೋಡಿದಂತೆ" ಎಂಬಂಥ ಮಾತು ಒಂದೂ ಉಳಿಯಬಾರದು.

ಡಬಲ್ ಸ್ಪೇಸ್, 12 ಪಾಯಿಂಟ್ ಅಕ್ಷರ, ಒಂದು ಇಂಚು ಅಂಚು ಇಟ್ಟರೆ ಪುಟಕ್ಕೆ 250ರಿಂದ 300 ಪದ ಹಿಡಿಯುತ್ತದೆ. ಅಂದರೆ 20 ಪುಟಕ್ಕೆ ಹೆಚ್ಚೆಂದರೆ 6,000 ಪದ. ಗ್ರಂಥಸೂಚಿ ಈ ಲೆಕ್ಕದಲ್ಲಿ ಸೇರುತ್ತದೆಯೋ ಇಲ್ಲವೋ ಎಂಬುದು ವಿಭಾಗದಿಂದ ವಿಭಾಗಕ್ಕೆ ಬೇರೆ, ಆಯಾ ಪುಟದಲ್ಲೇ ನೋಡಿಕೊಳ್ಳಿ. ಅಕ್ಷರ ಕಿರಿದು ಮಾಡಿ, ಸಾಲುಗಳ ನಡುವಿನ ಜಾಗ ಒತ್ತಿ ಮಿತಿಯೊಳಗೆ ತುರುಕಲು ಹೋಗಬೇಡಿ. ರಾಶಿ ಅರ್ಜಿ ಓದುವವರ ಕಣ್ಣಿಗೆ ಅದು ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತದೆ.

ಯಾವುದನ್ನು ಕತ್ತರಿಸುವುದು? ವಿಮರ್ಶಕರ ಹೆಸರುಗಳ ಮೆರವಣಿಗೆ ಮೊದಲು ಹೋಗಲಿ. ಎರಡು ಪುಟಗಳ ಪೂರ್ವ ಅಧ್ಯಯನವನ್ನು ಒಂದು ಪ್ಯಾರಾಕ್ಕೆ ಇಳಿಸಿ, ಆ ಪ್ಯಾರಾ ಒಂದೇ ಪ್ರಶ್ನೆಗೆ ಉತ್ತರ ಕೊಡಲಿ: ಈವರೆಗಿನವರು ಗಮನಿಸದೆ ಬಿಟ್ಟದ್ದು ಯಾವುದು? ಆಮೇಲೆ ಕಥಾಸಾರ. ನಿಮ್ಮ ವಾದಕ್ಕೆ ಬೇಕಾದ ಘಟನೆಯಷ್ಟನ್ನೇ ಎರಡು ವಾಕ್ಯದಲ್ಲಿ ಹೇಳಿದರೆ ಸಾಕು. ಕೊನೆಗೆ ಉಲ್ಲೇಖಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಎಂಟು ಸಾಲಿನ ಪದ್ಯಭಾಗವನ್ನು ಉಲ್ಲೇಖಿಸಿ, ಮುಂದಿನ ವಾಕ್ಯವನ್ನು "ಇಲ್ಲಿ ಕವಿ ಹೇಳುವುದೇನೆಂದರೆ" ಎಂದು ಶುರು ಮಾಡಿದ್ದೀರಿ ಎನ್ನಿ. ಹಾಗಿದ್ದರೆ ನೀವು ಮಾಡಿರುವುದು ಭಾವಾರ್ಥ. ಆ ಎಂಟು ಸಾಲಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ಸಾಲು ಯಾವುದು? ಮೂರನೆಯ ಸಾಲಿನ ಕೊನೆಯಲ್ಲಿ ವಾಕ್ಯ ಮುಗಿಯದೆ ನಾಲ್ಕನೆಯದಕ್ಕೆ ಜಾರುತ್ತದೆಯೇ? ಅಲ್ಲಿಯವರೆಗೆ ಇದ್ದ ಭೂತಕಾಲ ತಟ್ಟನೆ ವರ್ತಮಾನಕ್ಕೆ ತಿರುಗುತ್ತದೆಯೇ? ಆ ಎರಡು ಸಾಲನ್ನು ಮಾತ್ರ ಉಳಿಸಿಕೊಂಡು, ಆ ಜಾರುವಿಕೆಯಿಂದ ಅರ್ಥ ಹೇಗೆ ಬದಲಾಯಿತು ಎಂದು ಬರೆಯಿರಿ. ಪುಟವೂ ಉಳಿಯುತ್ತದೆ, ಓದುಗಾರಿಕೆಯೂ ಕಾಣುತ್ತದೆ.

ವಾದವೇನೆಂಬುದು ಎರಡನೆಯ ಪುಟ ಮುಗಿಯುವುದರೊಳಗೆ ಸ್ಪಷ್ಟವಾಗಿರಬೇಕು. ಆರನೆಯ ಪುಟದಲ್ಲಿ ವಾದ ತಲೆಯೆತ್ತಿದರೆ ಅಲ್ಲಿಯವರೆಗೆ ಎಲ್ಲರೂ ಕಾಯುವುದಿಲ್ಲ. ದೊಡ್ಡ ಕೃತಿಯ ತುಣುಕನ್ನೇ ಕಳಿಸುವುದು ಅನಿವಾರ್ಯವಾದರೆ, ಮೇಲೆ 100ರಿಂದ 150 ಪದಗಳ ಒಂದು ಟಿಪ್ಪಣಿ ಹಾಕಿ: ಇಡೀ ಪ್ರಬಂಧದ ವಾದವೇನು, ಈ ತುಣುಕು ಎಲ್ಲಿ ಕೂರುತ್ತದೆ. ಉಲ್ಲೇಖದ ಶೈಲಿಗೆ 2021ರಲ್ಲಿ ಬಂದ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಕೈಪಿಡಿಯ 9ನೇ ಆವೃತ್ತಿ ಸುರಕ್ಷಿತ. ಶಿಕಾಗೋ ಶೈಲಿಯೂ ನಡೆಯುತ್ತದೆ, ಆದರೆ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: "ಚಿಕ್ಕಂದಿನಿಂದಲೂ ನನಗೆ ಪುಸ್ತಕಗಳ ಹುಚ್ಚು" ಎಂದು ಸ್ಟೇಟ್‌ಮೆಂಟ್ ಆರಂಭಿಸಿದ್ದೆ. ಗೆಳೆಯರು ತೆಗೆದುಹಾಕು ಎನ್ನುತ್ತಾರೆ. ಮನಸ್ಸಿಲ್ಲ.

ಗೆಳೆಯರ ಮಾತು ಕೇಳಿ. ಆ ವಾಕ್ಯ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಆದರೆ ಇಂಗ್ಲಿಷ್ ವಿಭಾಗಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬರ ವಿಷಯದಲ್ಲೂ ಅದು ನಿಜ, ಹಾಗಾಗಿ ಅದರಿಂದ ನಿಮ್ಮ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಪರ್ಸನಲ್ ಸ್ಟೇಟ್‌ಮೆಂಟ್ ಎಂದು ಬೇರೆಯದೇ ಬರಹ ಕೇಳುತ್ತವೆ. ನೀವು ಬೆಳೆದುಬಂದ ದಾರಿಯ ಮಾತಿಗೆ ಅಲ್ಲಿ ಜಾಗವಿದೆ.

"ನನಗೆ ವಿಕ್ಟೋರಿಯನ್ ಕಾದಂಬರಿ, ಸ್ತ್ರೀವಾದ ಮತ್ತು ವಸಾಹತೋತ್ತರ ಚಿಂತನೆಯಲ್ಲಿ ಆಸಕ್ತಿ." ಇಂಥ ವಾಕ್ಯ ಅರ್ಜಿಗಳಲ್ಲಿ ಹೇರಳವಾಗಿ ಸಿಗುತ್ತದೆ. ಇದು ಮೂರು ಕಪಾಟುಗಳ ಹೆಸರು ಹೇಳುತ್ತದೆ, ಅಷ್ಟೇ. ಇದರ ಬದಲು ಹೀಗೆ ಬರೆದು ನೋಡಿ: "19ನೇ ಶತಮಾನದ ಎಷ್ಟೋ ಇಂಗ್ಲಿಷ್ ಕಾದಂಬರಿಗಳಲ್ಲಿ ವಸಾಹತುಗಳಿಂದ ಬಂದ ಹಣ ಕಥೆಯ ಗತಿಯನ್ನೇ ತಿರುಗಿಸುತ್ತದೆ. ಆದರೆ ಆ ಹಣ ಹುಟ್ಟಿದ ನೆಲವನ್ನು ನಿರೂಪಕರು ಒಂದೆರಡು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಈ ಅವಸರ ಕಥನದ ಅಗತ್ಯವೇ, ಅಥವಾ ಮೌನದ ಒಂದು ವಿಧಾನವೇ?" ಕಾಲ, ಪ್ರಕಾರ, ಕಥನತಂತ್ರದ ಒಂದು ಗುಣ, ಅದರ ಮೇಲೊಂದು ಪ್ರಶ್ನೆ, ನಾಲ್ಕೂ ಬಂದವು. ನೀವು ಯಾವ ಕ್ಷೇತ್ರದವರು, ನಿಮ್ಮ ಕಡತವನ್ನು ವಿಭಾಗದಲ್ಲಿ ಯಾರು ಓದಬೇಕು ಎಂಬುದೂ ಓದುವವರಿಗೆ ಥಟ್ಟನೆ ತಿಳಿಯಿತು. ಮುಂದೆ ವಿಷಯ ಬದಲಾಯಿಸಿದರೆ ಯಾರೂ ನಿಮ್ಮನ್ನು ಹಿಡಿದು ಕೇಳುವುದಿಲ್ಲ. ಒಂದು ಪ್ರಶ್ನೆಯನ್ನು ಹುಟ್ಟುಹಾಕಿ ಬೆಳೆಸಲು ನಿಮಗೆ ಬರುತ್ತದೆಯೇ ಎಂದಷ್ಟೇ ಅವರು ನೋಡುವುದು.

ಸಾವಿರ ಪದಗಳ ಮಿತಿಯಿದ್ದರೆ ಪ್ರಶ್ನೆಗೆ ಸುಮಾರು 200, ಈಗಾಗಲೇ ಮಾಡಿರುವ ಕೆಲಸಕ್ಕೆ 350, ಅದನ್ನು ಮುಂದೆ ಎತ್ತ ಒಯ್ಯುತ್ತೀರಿ ಎಂಬುದಕ್ಕೆ 250, ಉಳಿದದ್ದು ಈ ವಿಭಾಗವೇ ಏಕೆ ಎಂಬುದಕ್ಕೆ. ಮಾಡಿರುವ ಕೆಲಸದ ಭಾಗದಲ್ಲಿ ಸ್ಯಾಂಪಲ್‌ನ ಪ್ರಸ್ತಾಪ ಇರಲೇಬೇಕು. ಆಧುನಿಕ ಕಾವ್ಯದ ಸ್ಯಾಂಪಲ್ ಕಳಿಸಿ ಮಧ್ಯಯುಗದ ಸಾಹಿತ್ಯ ಓದುತ್ತೇನೆಂದು ಸ್ಟೇಟ್‌ಮೆಂಟಿನಲ್ಲಿ ಬರೆದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ.

ಪ್ರಾಧ್ಯಾಪಕರ ಹೆಸರು ಎರಡೋ ಮೂರೋ ಸಾಕು. "ಅವರ ಮಾರ್ಗದರ್ಶನದಲ್ಲಿ ಕಲಿಯುವ ಆಸೆ" ಎಂಬುದರಿಂದ ಏನೂ ಆಗದು. ಅವರ ಯಾವ ವಾದ ನಿಮ್ಮ ಪ್ರಶ್ನೆಗೆ ಎಲ್ಲಿ ತಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಅವರು ನಿವೃತ್ತರಾಗಿದ್ದಾರೆಯೇ, ಬೇರೆ ಕಡೆಗೆ ಹೋಗಿದ್ದಾರೆಯೇ ಎಂದು ವಿಭಾಗದ ಪುಟದಲ್ಲಿ ನೋಡಿ. ಹೆಸರಿನ ಮುಂದೆ ಎಮೆರಿಟಸ್ (ನಿವೃತ್ತ ಗೌರವ ಪ್ರಾಧ್ಯಾಪಕ) ಎಂದಿದ್ದರೆ ಬಿಟ್ಟುಬಿಡುವುದು ಲೇಸು. ಪಿಡಿಎಫ್ ಮಾಡುವ ಮುನ್ನ ಕಡತದಲ್ಲಿ ಬೇರೆ ವಿಶ್ವವಿದ್ಯಾಲಯದ ಹೆಸರು ಉಳಿದಿದೆಯೇ ಎಂದು ಹುಡುಕಿ. ಹತ್ತು ಅರ್ಜಿ ಒಟ್ಟಿಗೆ ಹಾಕುವವರಿಗೆ ಈ ತಪ್ಪು ಆಗುವ ಸಂಭವ ಬಹಳ.

ಪ್ರಶ್ನೆ: ಶಿಫಾರಸು ಪತ್ರ ಕೇಳಿದರೆ ನಮ್ಮ ಪ್ರಾಧ್ಯಾಪಕರು "ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ" ಎನ್ನುತ್ತಾರೆ. ಏನು ಮಾಡಲಿ?

ಬರೆದುಕೊಡಬೇಡಿ. ಅದು ಅಪ್ರಾಮಾಣಿಕ ಎಂಬುದು ಮೊದಲ ಮಾತು. ನಿಮಗೇ ನಷ್ಟ ಎಂಬುದು ಎರಡನೆಯದು. ನಿಮ್ಮ ಸ್ಟೇಟ್‌ಮೆಂಟಿನ ಧಾಟಿಯೇ ಪತ್ರದಲ್ಲೂ ಇದ್ದರೆ ಓದುವವರಿಗೆ ಗೊತ್ತಾಗದೆ ಇರದು. ತಮ್ಮನ್ನು ತಾವೇ ಹೊಗಳಿಕೊಳ್ಳುವಾಗ ಜನ "ಶ್ರದ್ಧಾವಂತ, ಶಿಸ್ತಿನ ವಿದ್ಯಾರ್ಥಿ" ಎಂಬಲ್ಲಿಗೇ ನಿಂತುಬಿಡುತ್ತಾರೆ, ಅಂಥ ಪತ್ರಕ್ಕೆ ತೂಕವಿಲ್ಲ. "ಸರ್, ನಿಮಗೆ ಅನುಕೂಲವಾಗಲೆಂದು ವಿವರಗಳನ್ನು ಒಟ್ಟುಮಾಡಿ ತಂದಿದ್ದೇನೆ" ಎಂದು ಹೇಳಿ, ಅವರ ತರಗತಿಗೆ ಬರೆದ ಹಳೆಯ ಸೆಮಿನಾರ್ ಪ್ರಬಂಧ, ಸ್ಟೇಟ್‌ಮೆಂಟಿನ ಕರಡು, ಸ್ಯಾಂಪಲ್, ವಿಶ್ವವಿದ್ಯಾಲಯಗಳ ಹೆಸರು ಮತ್ತು ಕೊನೆಯ ದಿನಾಂಕಗಳ ಪಟ್ಟಿ ಕೊಡಿ. ಜೊತೆಗೆ ಒಂದು ಪುಟದಲ್ಲಿ ಯಾವ ಕೋರ್ಸು, ಯಾವ ವರ್ಷ, ಯಾವ ವಿಷಯದ ಮೇಲೆ ಏನು ಬರೆದಿರಿ ಎಂಬ ನೆನಪೋಲೆ ಇರಲಿ. ಇಷ್ಟು ಕೈಗೆ ಸಿಕ್ಕರೆ ತಾವೇ ಬರೆಯಲು ಒಪ್ಪುವವರು ಹೆಚ್ಚು. ಆಗಲೂ ಒಪ್ಪದಿದ್ದರೆ ಬೇರೆಯವರನ್ನು ಕೇಳಿ. ಹುದ್ದೆ ದೊಡ್ಡದಿದ್ದು ನಿಮ್ಮ ಒಂದು ಪ್ರಬಂಧವನ್ನೂ ಓದಿರದವರಿಗಿಂತ, ನಾಲ್ಕು ಪ್ರಬಂಧ ತಿದ್ದಿದ ಕಿರಿಯ ಅಧ್ಯಾಪಕರ ಪತ್ರ ಮೇಲು.

ಸಾಮಾನ್ಯವಾಗಿ ಮೂರು ಪತ್ರ ಬೇಕು. ಕನಿಷ್ಠ ಆರು ವಾರ ಮುಂಚೆ ಕೇಳಿ. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಫಾರಂನಲ್ಲಿ ಕೇಳುತ್ತದೆ, ಹೌದು ಎನ್ನಿ. ಇಲ್ಲವೆಂದರೆ ಪತ್ರದ ಮೇಲಿನ ನಂಬಿಕೆ ಇಳಿಯುತ್ತದೆ. ಅಧ್ಯಾಪಕರಿಗೆ ಸಂಸ್ಥೆಯ ಇಮೇಲ್ ವಿಳಾಸ ಇದ್ದರೆ ಅದನ್ನೇ ಕೊಡಿ. ಕೆಲವು ಪೋರ್ಟಲ್‌ಗಳು ಹೆಸರು ತುಂಬಿದ ಕೂಡಲೇ ಅವರಿಗೆ ಲಿಂಕ್ ಕಳಿಸುತ್ತವೆ, ಕೆಲವು ನೀವು ಅರ್ಜಿ ಸಲ್ಲಿಸಿದ ಮೇಲಷ್ಟೇ ಕಳಿಸುತ್ತವೆ. ಎರಡನೆಯ ಬಗೆಯಲ್ಲಿ ಕೊನೆಯ ರಾತ್ರಿಯವರೆಗೆ ಕಾದರೆ ಅವರಿಗೆ ಬರೆಯಲು ಸಮಯವೇ ಇರುವುದಿಲ್ಲ.

ಪ್ರಶ್ನೆ: ಜಿಆರ್‌ಇ ಪ್ರವೇಶ ಪರೀಕ್ಷೆ ಬರೆಯಲೇಬೇಕೇ? ಇಂಗ್ಲಿಷ್ ಸಾಹಿತ್ಯದ ಸಬ್ಜೆಕ್ಟ್ ಟೆಸ್ಟಿಗೆ ಓದುತ್ತಿದ್ದೇನೆ.

ಆ ಸಬ್ಜೆಕ್ಟ್ ಟೆಸ್ಟ್ 2021ರಲ್ಲೇ ನಿಂತುಹೋಗಿದೆ, ಓದುವುದನ್ನು ನಿಲ್ಲಿಸಿ. ಜನರಲ್ ಟೆಸ್ಟನ್ನೂ ಎಷ್ಟೋ ಇಂಗ್ಲಿಷ್ ವಿಭಾಗಗಳು ಈಗ ಕೇಳುವುದಿಲ್ಲ. ನಿಮ್ಮ ಪಟ್ಟಿಯ ಯಾವೊಂದು ವಿಭಾಗವೂ ಕೇಳದಿದ್ದರೆ ಆ ಹಣ, ಆ ವಾರಗಳು ಸ್ಯಾಂಪಲ್‌ಗೆ ಹೋಗಲಿ. ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕ ಎರಡೇ ವರ್ಷ ಚಾಲ್ತಿ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರಿಗೆ ವಿನಾಯಿತಿ ಇದೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ಮೊದಲು ಅಲ್ಲಿ ಎಂ.ಎ. ಮಾಡಿ ಆಮೇಲೆ ಪಿಎಚ್.ಡಿ.ಗೆ ಹೋಗಬೇಕೇ? ಎಷ್ಟು ಕಡೆ ಅರ್ಜಿ ಹಾಕಲಿ?

ಅಮೆರಿಕದಲ್ಲಿ ಬಿ.ಎ. ಆದವರೂ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮೊದಲೆರಡು ವರ್ಷ ಕೋರ್ಸು, ನಂತರ ಅರ್ಹತಾ ಪರೀಕ್ಷೆ, ಆಮೇಲೆ ಪ್ರಬಂಧ. ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಐದಾರು ವರ್ಷ ಶುಲ್ಕ ಮನ್ನಾ ಮತ್ತು ಸ್ಟೈಪೆಂಡ್ ಸಿಗುತ್ತದೆ, ಪ್ರತಿಯಾಗಿ ಪಾಠ ಮಾಡಬೇಕು. ಎಂ.ಎ.ಗೆ ಹೆಚ್ಚಿನ ಕಡೆ ಇಂಥ ನೆರವಿಲ್ಲ. ಸಾಲ ಮಾಡಿ ಎಂ.ಎ. ಮಾಡುವ ಮುನ್ನ ಎರಡು ಸಲ ಯೋಚಿಸಿ. ಪೂರ್ಣ ಧನಸಹಾಯವಿಲ್ಲದ ಪಿಎಚ್.ಡಿ. ಸೀಟನ್ನಂತೂ ಒಪ್ಪಿಕೊಳ್ಳಲೇಬೇಡಿ ಎಂದು ನಾವು ಹೇಳುತ್ತೇವೆ. 2008ರ ಆರ್ಥಿಕ ಕುಸಿತದ ನಂತರ ಅಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರ ಕಾಯಂ ಹುದ್ದೆಗಳು ಬಹಳ ಕಡಿಮೆಯಾಗಿವೆ, ಸಾಲ ತೀರಿಸುವ ಸಂಬಳ ಖಚಿತವಿಲ್ಲ.

ಬ್ರಿಟನ್ನಿನ ರೀತಿ ಬೇರೆ. ಅಲ್ಲಿ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ. ಪಿಎಚ್.ಡಿ.ಗೆ ಸಂಶೋಧನಾ ಪ್ರಸ್ತಾವ ಬೇಕು, ಮಾರ್ಗದರ್ಶಕರಾಗಬಲ್ಲವರಿಗೆ ಮುಂಚೆಯೇ ಬರೆದು ಕೇಳುವುದು ರೂಢಿ. ಅಮೆರಿಕದ ಇಂಗ್ಲಿಷ್ ವಿಭಾಗಗಳಲ್ಲಿ ಸಮಿತಿಯೇ ಆಯ್ಕೆ ಮಾಡುತ್ತದೆ, ಮುಂಚಿತವಾಗಿ ಪ್ರಾಧ್ಯಾಪಕರಿಗೆ ಇಮೇಲ್ ಕಳಿಸದಿದ್ದರೆ ನಷ್ಟವಿಲ್ಲ.

ಎಂಟರಿಂದ ಹತ್ತು ಕಡೆ ಹಾಕಿ. ಒಂದೊಂದು ವಿಭಾಗವೂ ವರ್ಷಕ್ಕೆ ತೆಗೆದುಕೊಳ್ಳುವುದು ಬೆರಳೆಣಿಕೆಯ ಜನರನ್ನು, ಇಲ್ಲಿ ಖಂಡಿತ ಸಿಗುತ್ತದೆ ಎಂಬ ಜಾಗವೇ ಇಲ್ಲ. ಅರ್ಜಿ ಶುಲ್ಕದ ಮನ್ನಾ ಬೇಕಿದ್ದರೆ ಸಲ್ಲಿಸುವುದಕ್ಕೆ ಮುಂಚೆಯೇ ಕೇಳಿ, ಕಟ್ಟಿದ ಶುಲ್ಕ ಹಿಂದಿರುಗುವುದಿಲ್ಲ.

ಪ್ರಶ್ನೆ: ಪದವಿಯ ಎರಡನೇ ವರ್ಷದಲ್ಲಿ ಅಂಕ ಕುಸಿದಿದೆ. ಸ್ಟೇಟ್‌ಮೆಂಟಿನಲ್ಲಿ ವಿವರಿಸಬೇಕೇ?

ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಯ ಜಾಗವಿದ್ದರೆ ಅಲ್ಲಿ ಎರಡು ವಾಕ್ಯ: ಕಾರಣ ಏನು, ನಂತರದ ಅಂಕ ಎಷ್ಟು. ಇಲ್ಲದಿದ್ದರೆ ಶಿಫಾರಸು ಮಾಡುವವರಲ್ಲಿ ಒಬ್ಬರನ್ನು ಆ ಬಗ್ಗೆ ಬರೆಯಲು ಕೋರಿ. ಸ್ಟೇಟ್‌ಮೆಂಟಿನೊಳಗೆ ಬೇಡ.

ಪ್ರಶ್ನೆ: ಕಳೆದ ವರ್ಷ ಗೆಳತಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಕಡೆಯವರು ಮಾರ್ಚ್ ಮೊದಲ ವಾರದಲ್ಲೇ ಉತ್ತರ ಕೇಳಿದರು. ಹಾಗೆ ಒತ್ತಾಯಿಸಬಹುದೇ?

ಸ್ನಾತಕೋತ್ತರ ಶಿಕ್ಷಣ ನೀಡುವ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಸಂಸ್ಥೆಯ ಏಪ್ರಿಲ್ 15ರ ಒಡಂಬಡಿಕೆಗೆ ಸಹಿ ಹಾಕಿರುವ ವಿಶ್ವವಿದ್ಯಾಲಯವಾದರೆ, ಧನಸಹಾಯದ ಜೊತೆ ಬಂದ ಆಹ್ವಾನಕ್ಕೆ ಏಪ್ರಿಲ್ 15ರ ಮೊದಲು ಉತ್ತರಿಸುವ ಬಾಧ್ಯತೆ ವಿದ್ಯಾರ್ಥಿಗಿಲ್ಲ. ಸಹಿ ಹಾಕಿದವರ ಪಟ್ಟಿ ಕೌನ್ಸಿಲ್‌ನ ಜಾಲತಾಣದಲ್ಲಿದೆ. ಒಡಂಬಡಿಕೆಯ ಹೆಸರು ಹೇಳಿ, ವಿನಯದಿಂದ ಸಮಯ ಕೇಳಬಹುದು.

ಆ ಸಮಯದಲ್ಲಿ ಕೇಳಿ ತಿಳಿಯಬೇಕಾದದ್ದು ಬಹಳವಿದೆ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಆರೋಗ್ಯ ವಿಮೆ ಸೇರಿದೆಯೇ? ಸೆಮಿಸ್ಟರಿಗೆ ಎಷ್ಟು ತರಗತಿ ಪಾಠ ಮಾಡಬೇಕು, ಮೊದಲ ವರ್ಷವೇ ಶುರುವೇ? ಐದು ವರ್ಷದಲ್ಲಿ ಪ್ರಬಂಧ ಮುಗಿಯದಿದ್ದರೆ ಆರನೆಯ ವರ್ಷಕ್ಕೆ ಹಣ ಎಲ್ಲಿಂದ? ಈಚೆಗೆ ಪದವಿ ಪಡೆದವರೆಲ್ಲ ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಹೆಸರಾಂತ ಇಬ್ಬರನ್ನಷ್ಟೇ ತೋರಿಸಿ ಮಾತು ತೇಲಿಸಿದರೆ, ಪೂರ್ಣ ಪಟ್ಟಿ ಕೊಡಿ ಎನ್ನಿ. ಈಗ ಅಲ್ಲಿ ಮೂರನೆಯ, ನಾಲ್ಕನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳೊಡನೆ ಪ್ರತ್ಯೇಕವಾಗಿ ಮಾತಾಡಿ, ಬಾಡಿಗೆ ಕಟ್ಟಿ ಎಷ್ಟು ಉಳಿಯುತ್ತದೆ ಎಂಬುದನ್ನು ಅವರೇ ಸರಿಯಾಗಿ ಹೇಳಬಲ್ಲರು. ಎರಡರಲ್ಲಿ ಒಂದು ಬೇಡವೆಂದು ಖಚಿತವಾದರೆ ಮಾತ್ರ ಏಪ್ರಿಲ್‌ವರೆಗೆ ಕಾಯದೆ ಅಂದೇ ತಿಳಿಸಿ. ಆ ಸೀಟು ವೇಯ್ಟಿಂಗ್ ಲಿಸ್ಟಿನಲ್ಲಿರುವ ಇನ್ನೊಬ್ಬರಿಗೆ ಹೋಗಲು ಸಮಯ ಬೇಕು.