ಎರಡನೆಯ ಸಲ ನೀರಿಗಿಳಿಯಬೇಕೇ?

ಪ್ರಶ್ನೆ: ನನಗೆ 31 ವರ್ಷ. ಧಾರವಾಡ ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕುಟುಂಬದಲ್ಲಿ ಹುಟ್ಟಿದವಳು. ಮೂರು ತಿಂಗಳ ಕೂಸಾಗಿದ್ದಾಗ ಅಯ್ಯನವರು ತಲೆಯ ಮೇಲೆ ನೀರೆರೆದು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಟ್ಟರು. 16ನೆಯ ವಯಸ್ಸಿನಲ್ಲಿ, ನಂಬಿಕೆಯನ್ನು ಸಭೆಯೆದುರು ನಾನೇ ಒಪ್ಪಿಕೊಳ್ಳುವ ದೃಢೀಕರಣವೂ ಆಯಿತು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಗಂಡನ ಮನೆಯವರೊಂದಿಗೆ ಪೆಂತೆಕೋಸ್ತು ಸಭೆಯೊಂದಕ್ಕೆ ಹೋಗುತ್ತಿದ್ದೇನೆ. ಕೂಸಿಗೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲ, ಮುಳುಗಿ ತೆಗೆದುಕೊಳ್ಳದಿದ್ದರೆ ರಕ್ಷಣೆಯಿಲ್ಲ, ಕರ್ತನ ಮೇಜಿನಲ್ಲಿ, ಅಂದರೆ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನದಲ್ಲಿ, ಪಾಲೂ ಇಲ್ಲ ಎಂದು ಅಲ್ಲಿನ ಪಾಸ್ಟರ್ ಹೇಳುತ್ತಾರೆ. ಮುಂದಿನ ತಿಂಗಳು ನೀರಿಗಿಳಿಯುವವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದಾಗಿದೆ. ಅವ್ವನಿಗೆ ಫೋನಿನಲ್ಲಿ ತಿಳಿಸಿದಾಗ, "ಹಂಗಾದ್ರ ಅವತ್ತು ನಾವು ಮಾಡಿದ್ದು ಏನು?" ಎಂದು ಕೇಳಿ ಸುಮ್ಮನಾದಳು. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಮುಳುಗುವ ಮೊದಲೇ ಸತ್ತುಹೋದರೆ ಏನು ಗತಿ ಎಂಬ ಹೆದರಿಕೆ. ನಾನು ಏನು ಮಾಡಲಿ?

ಪ್ರಿಯ ಸಹೋದರಿ,

ಮೊದಲು ನಿಮ್ಮ ನಿದ್ದೆಗೆಡಿಸಿರುವ ಹೆದರಿಕೆಯ ಮಾತನ್ನೇ ತೆಗೆದುಕೊಳ್ಳುತ್ತೇನೆ. ಹೆದರಿದವರ ಕಿವಿಗೆ ಬೇರೆ ಯಾವ ವಿವರಣೆಯೂ ಹೋಗುವುದಿಲ್ಲ. ಈ ರಾತ್ರಿಯೇ ನಿಮ್ಮ ಪ್ರಾಣ ಹೋದರೂ, ಕ್ರಿಸ್ತನನ್ನು ನಂಬಿರುವ ನಿಮ್ಮನ್ನು ನೀರಿನ ಆಳ ಸಾಲಲಿಲ್ಲವೆಂಬ ಕಾರಣಕ್ಕೆ ಆತನು ಕೈಬಿಡುವುದಿಲ್ಲ. ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಯೇಸು ಈ ದಿನವೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು ಮಾತು ಕೊಟ್ಟಾಗ, ಆ ಮನುಷ್ಯನು ಯಾವ ಹೊಳೆಗೂ ಇಳಿದು ಬಂದವನಾಗಿರಲಿಲ್ಲ. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದ ವಚನವನ್ನು ನಿಮಗೆ ಖಂಡಿತವಾಗಿ ತೋರಿಸಿರುತ್ತಾರೆ. ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನಿಗೆ ರಕ್ಷಣೆ ಎಂದು ಅದು ಹೇಳುತ್ತದೆ. ಅದೇ ವಚನದ ಉಳಿದ ಅರ್ಧವನ್ನೂ ನಿಧಾನವಾಗಿ ಓದಿ. ಅಲ್ಲಿ ದಂಡನೆಯ ಮಾತು ಬರುವುದು ನಂಬದೆ ಹೋದವನಿಗೆ. ಸ್ನಾನವಾಗದವನಿಗೆ ಎಂಬ ಮಾತು ಅಲ್ಲಿಲ್ಲ.

ನಿಮ್ಮ ಹೆದರಿಕೆ ಹೊಸದೂ ಅಲ್ಲ. 392ರಲ್ಲಿ ರೋಮಿನ ಯುವ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್, ತನಗೆ ದೀಕ್ಷಾಸ್ನಾನ ಕೊಡಬೇಕೆಂದು ಮಿಲಾನಿನ ಬಿಷಪ್ ಆಂಬ್ರೋಸನನ್ನು ಕರೆಸಿದ್ದ. ಆದರೆ ಬಿಷಪ್ ಬಂದು ಮುಟ್ಟುವ ಮೊದಲೇ ಸತ್ತ. ಸಹೋದರನು ಸ್ನಾನವಿಲ್ಲದೆ ಹೋದನೆಂದು ಅಳುತ್ತಿದ್ದ ಸಹೋದರಿಯರಿಗೆ ಆಂಬ್ರೋಸನು ಶವಸಂಸ್ಕಾರದ ಬೋಧನೆಯಲ್ಲಿ ಹೇಳಿದ್ದರ ಸಾರ ಇಷ್ಟೇ: ಅವನು ಬೇಡಿದ್ದನ್ನು ಪಡೆದಿದ್ದಾನೆ. ದೀಕ್ಷಾಸ್ನಾನ ರಕ್ಷಣೆಗೆ ಅವಶ್ಯವೆಂದು ಬೋಧಿಸುವ ಕಥೋಲಿಕ ಸಭೆ ಕೂಡ, ಅದನ್ನು ಮನಸಾರೆ ಬಯಸಿ ಪಡೆಯಲಾಗದೆ ಸತ್ತವನನ್ನು ಹೊರಗಿನವನೆಂದು ಎಣಿಸುವುದಿಲ್ಲ. ಬಯಸಿದವನ ವಿಷಯದಲ್ಲಿಯೇ ಇಷ್ಟು ಭರವಸೆಯಿರುವಾಗ, 31 ವರ್ಷಗಳ ಹಿಂದೆಯೇ ತ್ರಿಯೇಕ ದೇವರ ಹೆಸರಿನಲ್ಲಿ ನೀರು ಹೊಯ್ಯಿಸಿಕೊಂಡ ನೀವು ಯಾಕೆ ನಡುಗಬೇಕು?

ಹಾಗೆಂದು ನೀರು ಬೇಕಿಲ್ಲ ಎಂದು ನಾನು ಹೇಳುತ್ತಿಲ್ಲ. ದೀಕ್ಷಾಸ್ನಾನವನ್ನು ಬರಿಯ ಸಾಂಕೇತಿಕ ವಿಧಿ ಎಂದು ತಳ್ಳಿಹಾಕುವವರ ಮಾತು ನನಗೆ ಹಿಡಿಸುವುದಿಲ್ಲ. ಎಲ್ಲಾ ದೇಶಗಳವರನ್ನೂ ಶಿಷ್ಯರನ್ನಾಗಿ ಮಾಡಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿರೆಂಬುದು ಪುನರುತ್ಥಾನನಾದ ಕರ್ತನ ಅಪ್ಪಣೆ. ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಪೇತ್ರನು ಇನ್ನೂ ಮಾತಾಡುತ್ತಿರುವಾಗಲೇ ಕೇಳುತ್ತಿದ್ದವರೆಲ್ಲರ ಮೇಲೆ ಪವಿತ್ರಾತ್ಮನು ಇಳಿದುಬಂದನು. ಆದರೆ ಪೇತ್ರನು, ಆತ್ಮವನ್ನೇ ಹೊಂದಿದವರಿಗೆ ಇನ್ನು ನೀರು ಯಾಕೆ ಎನ್ನಲಿಲ್ಲ, ಇವರಿಗೆ ನೀರನ್ನು ಬೇಡವೆನ್ನುವವರು ಯಾರು ಎಂದು ಕೇಳಿ ಅವರಿಗೆ ದೀಕ್ಷಾಸ್ನಾನ ಕೊಡಿಸಿದನು. ದೇವರು ನೀರಿಗೆ ಕಟ್ಟುಬಿದ್ದವನಲ್ಲ, ಆದರೆ ನಾವು ಆತನ ಮಾತಿಗೆ ಕಟ್ಟುಬಿದ್ದವರು. ಆದ್ದರಿಂದ ದೀಕ್ಷಾಸ್ನಾನ ಅವಶ್ಯ, ವಿಧೇಯತೆಗೆ ಅವಶ್ಯ. ನಂಬಿಯೂ ಅದನ್ನು ಬೇಕೆಂದೇ ಮುಂದೂಡುವವರಿಗೆ ನಾನು ಮುಂದೂಡಬೇಡಿ ಎಂದೇ ಹೇಳುತ್ತೇನೆ. ನಿಮ್ಮ ಪ್ರಶ್ನೆ ಅದಲ್ಲ. ನಿಮಗೆ ಆಗಿದೆಯೋ ಇಲ್ಲವೋ ಎಂಬುದು ನಿಮ್ಮ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ತುಂಗಭದ್ರೆಯ ದಂಡೆಯಲ್ಲಿ ಒಂದು ದೀಕ್ಷಾಸ್ನಾನ ನೋಡಿದೆ. ಗಾರೆ ಕೆಲಸ ಮಾಡುವ, ಐವತ್ತು ದಾಟಿದ ಒಬ್ಬರು ಬಿಳಿ ಪಂಚೆಯುಟ್ಟು ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಪಾಸ್ಟರು ಒಂದು ಕೈಯನ್ನು ಅವರ ಕತ್ತಿನ ಹಿಂದೆ, ಇನ್ನೊಂದನ್ನು ಎದೆಯ ಮೇಲೆ ಇಟ್ಟು ಹಿಂದಕ್ಕೆ ಬಾಗಿಸಿದಾಗ, ಈಜು ಬಾರದ ಆ ಮನುಷ್ಯ ಒಂದು ಕ್ಷಣ ಮೈ ಬಿಗಿಹಿಡಿದರು. ಆಮೇಲೆ ಬಿಗಿಯನ್ನು ಬಿಟ್ಟರು, ನೀರು ಮುಖದ ಮೇಲೆ ಕೂಡಿಕೊಂಡಿತು. ಎದ್ದಾಗ ಕೆಮ್ಮುತ್ತಿದ್ದರು. ದಡದಲ್ಲಿ ಟವೆಲು ಹಿಡಿದು ನಿಂತಿದ್ದ ಹೆಂಡತಿಯ ಹತ್ತಿರ ಬರುವವರೆಗೆ ಅವರ ಬಾಯಿಂದ ಮಾತು ಹೊರಡಲಿಲ್ಲ. ಕ್ರಿಸ್ತನ ಸಂಗಡ ಹೂಣಲ್ಪಟ್ಟು ಆತನ ಸಂಗಡ ಏಳುವುದು ಎಂದು ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಪೌಲನು ಹೇಳುವುದು ಅಂದು ನನ್ನ ಕಣ್ಣೆದುರಿಗಿತ್ತು. ಮುಳುಗಿಸುವ ಪದ್ಧತಿಯಲ್ಲಿ ಈ ಅರ್ಥ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂಬುದನ್ನು ನಾನು ಅಲ್ಲಗಳೆಯಲಾರೆ. ನಿಮ್ಮ ಗಂಡನ ಸಭೆಯವರು ಅದನ್ನು ಅಷ್ಟು ಪ್ರೀತಿಸುವುದರಲ್ಲಿ ನ್ಯಾಯವಿದೆ. ಮೂಲ ಗ್ರೀಕ್ ಪದಕ್ಕೂ ಅದ್ದು, ಮುಳುಗಿಸು ಎಂಬ ಅರ್ಥವೇ ಇದೆ.

ಆದರೆ ಅಂದು ನನ್ನ ಮನಸ್ಸಿನಲ್ಲಿ ನಿಂತದ್ದು ನೀರಿನ ಆಳಕ್ಕಿಂತ, ಕತ್ತಿನ ಹಿಂದಿದ್ದ ಆ ಕೈ. ಯಾರೂ ತಮಗೆ ತಾವೇ ದೀಕ್ಷಾಸ್ನಾನ ಕೊಟ್ಟುಕೊಳ್ಳುವುದಿಲ್ಲ. ಐವತ್ತರ ಗಾರೆ ಕೆಲಸದವನೂ ಅಲ್ಲಿ ಇನ್ನೊಬ್ಬರ ಕೈಯಲ್ಲಿ ಹಿಡಿಸಿಕೊಂಡೇ ಕೆಳಗಿಳಿದು ಮೇಲೇಳಬೇಕು. ಮೂರು ತಿಂಗಳ ಕೂಸು ಇನ್ನೊಬ್ಬರ ಕೈಯಲ್ಲಿ ಮಲಗಿ ನೀರು ಹೊಯ್ಯಿಸಿಕೊಳ್ಳುವಾಗ ಕಾಣುವುದೂ ಇದೇ: ನಾವು ಏನನ್ನೂ ತರುವ ಮೊದಲೇ ದೇವರು ನಮ್ಮನ್ನು ತನ್ನವರೆಂದು ಕರೆದನು. ನಂಬಿಕೆ ಮೊದಲು, ಸ್ನಾನ ಆಮೇಲೆ ಎಂಬ ಕ್ರಮ ಪೆಂತೆಕೋಸ್ತಿನ ದಿನ ಪೇತ್ರನು ಮಾಡಿದ ಬೋಧನೆಯಲ್ಲಿದೆ, ಅದು ನಿಜ. ಆದರೆ ಲುದ್ಯಳೂ ಫಿಲಿಪ್ಪಿಯ ಸೆರೆಯ ಯಜಮಾನನೂ ಮನೆಯವರೆಲ್ಲರ ಸಹಿತ ದೀಕ್ಷಾಸ್ನಾನ ಮಾಡಿಸಿಕೊಂಡರೆಂದೂ ಅದೇ ಅಪೊಸ್ತಲರ ಕೃತ್ಯಗಳಲ್ಲಿ ಬರೆದಿದೆ. ಆ ಮನೆಗಳಲ್ಲಿ ಕೂಸುಗಳಿದ್ದವೆಂದಾಗಲಿ ಇರಲಿಲ್ಲವೆಂದಾಗಲಿ ವಾಕ್ಯವು ಹೇಳದಿರುವಾಗ, ಇದರಿಂದಲೇ ವಾದ ಗೆದ್ದೆವೆಂದು ಯಾವ ಪಕ್ಷವೂ ಹೇಳಬಾರದು. ನೀರೆರೆಯುವ ಪದ್ಧತಿ ಮಾತ್ರ ನಿನ್ನೆ ಮೊನ್ನೆಯದಲ್ಲ. ಆದಿಸಭೆಯ ಅತಿ ಹಳೆಯ ಬೋಧನಾ ಬರಹಗಳಲ್ಲಿ ಒಂದಾದ ಡಿಡಾಖೆ, ಹರಿಯುವ ನೀರಿದ್ದರೆ ಅದರಲ್ಲಿ, ಇಲ್ಲದಿದ್ದರೆ ಬೇರೆ ನೀರಿನಲ್ಲಿ, ಸಾಕಷ್ಟು ನೀರೇ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದು ಕೊಡಬಹುದೆಂದು ಹೇಳುತ್ತದೆ.

ಕೂಸಿನ ಸ್ನಾನ ಸಲ್ಲದೆಂಬ ನಂಬಿಕೆಗಾಗಿ ಪ್ರಾಣ ಕೊಟ್ಟವರಿದ್ದಾರೆ ಎಂಬುದನ್ನೂ ನೀವು ತಿಳಿದಿರಬೇಕು. 1525ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ವಯಸ್ಕರಾಗಿ ಮತ್ತೆ ದೀಕ್ಷಾಸ್ನಾನ ಪಡೆದವರ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು ಎರಡು ವರ್ಷಗಳ ನಂತರ ಅದೇ ಊರಿನ ಲಿಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕ್ರೈಸ್ತರೇ ಕ್ರೈಸ್ತನಿಗೆ ಹೀಗೆ ಮಾಡಿದರು. ಆದ್ದರಿಂದ ನಿಮ್ಮ ಪಾಸ್ಟರ್ ಹಗುರವಾದ ಮಾತನ್ನು ಹಿಡಿದಿದ್ದಾರೆಂದು ನಾನು ಹೇಳಲಾರೆ. ಅವರು ತಪ್ಪುತ್ತಿರುವುದು, ರಕ್ಷಣೆಯಿಲ್ಲ ಎಂದು ನಿಮ್ಮನ್ನು ಹೆದರಿಸುವಲ್ಲಿ. ದೀಕ್ಷಾಸ್ನಾನ ಮಾಡಿಸುವುದಕ್ಕಲ್ಲ, ಸುವಾರ್ತೆ ಸಾರುವುದಕ್ಕೆ ಕ್ರಿಸ್ತನು ನನ್ನನ್ನು ಕಳುಹಿಸಿದನೆಂದು ಕೊರಿಂಥದವರಿಗೆ ಬರೆದ ಪೌಲನು, ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಸಭೆ ಒಡೆಯುವುದನ್ನು ಕಂಡು ನೊಂದೇ ಆ ಮಾತನ್ನು ಬರೆದನು.

ಮತ್ತೆ ಮಾಡಿಸಿಕೊಳ್ಳಬಹುದೇ ಎಂಬುದಕ್ಕೆ ನನ್ನ ಉತ್ತರ, ಬೇಡ. ಎಫೆಸದಲ್ಲಿ ಪೌಲನಿಂದ ಹೊಸದಾಗಿ ದೀಕ್ಷಾಸ್ನಾನ ಪಡೆದ ಆ ಸುಮಾರು ಹನ್ನೆರಡು ಮಂದಿಯನ್ನು ನಿಮಗೆ ಉದಾಹರಣೆಯಾಗಿ ಹೇಳಬಹುದು. ಅವರಿಗೆ ಆಗಿದ್ದದ್ದು ಯೇಸುವಿಗೆ ಮುಂಚೆ ಬಂದ ಸ್ನಾನಿಕ ಯೋಹಾನನ ಸ್ನಾನ, ಯೇಸುವಿನ ಹೆಸರಿನ ಸ್ನಾನ ಅವರಿಗೆ ಆಗಿಯೇ ಇರಲಿಲ್ಲ. ನಿಮಗೆ ಆಗಿದೆ. ಮೂರನೆಯ ಶತಮಾನದಲ್ಲಿ, ಸಭೆಯಿಂದ ಬೇರೆಯಾದ ಗುಂಪುಗಳಲ್ಲಿ ಸ್ನಾನವಾದವರಿಗೆ ಮತ್ತೆ ಕೊಡಬೇಕೆಂದು ಕಾರ್ಥೇಜಿನ ಸಿಪ್ರಿಯನ್, ಬೇಡವೆಂದು ರೋಮಿನ ಬಿಷಪ್ ಸ್ತೆಫನ್ ಕಟುವಾಗಿ ವಾದಿಸಿದರು. ಮುಂದೆ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನು ಈ ವಾದವನ್ನು ಅದರ ಬುಡಕ್ಕೇ ಒಯ್ದು, ಸ್ನಾನ ಕೊಡುವ ಮನುಷ್ಯನ ಯೋಗ್ಯತೆಯ ಮೇಲೆ ಅದು ನಿಂತಿಲ್ಲ, ಅದು ಕ್ರಿಸ್ತನದೇ ಎಂದು ತೋರಿಸಿದನು. ನಿಮ್ಮ ನಂಬಿಕೆ ಅಂದು ಎಷ್ಟಿತ್ತೆಂಬುದರ ಮೇಲೂ ಅದು ನಿಂತಿಲ್ಲವೆಂದು ನಾನು ಸೇರಿಸುತ್ತೇನೆ. ಇಂದು ದೊಡ್ಡವಳಾಗಿ ಮುಳುಗಿದರೂ, ಹತ್ತು ವರ್ಷಗಳ ಮೇಲೆ, ಅಂದು ನಾನು ನಿಜವಾಗಿ ನಂಬಿದ್ದೆನೇ ಎಂಬ ಸಂದೇಹ ಹುಟ್ಟಲಾರದೇ? ಆಗ ಮೂರನೆಯ ಸಲ ಇಳಿಯುವಿರಾ? ಕೂಸಿದ್ದಾಗ ಕೊಟ್ಟದ್ದನ್ನು 16ನೆಯ ವಯಸ್ಸಿನಲ್ಲಿ, ಸಭೆಯ ಎದುರು, ನಿಮ್ಮ ಬಾಯಿಂದಲೇ ನನ್ನದು ಎಂದಿದ್ದೀರಿ. ಇಂದೂ ಅದನ್ನೇ ಹೇಳಬಲ್ಲಿರಾದರೆ, ಪಟ್ಟಿಯಲ್ಲಿ ಹೆಸರಿದೆ ಎಂಬುದಕ್ಕಾಗಿ ನೀರಿಗಿಳಿಯುವುದು ದೇವರ ಎದುರು ನಿಜವಲ್ಲದ ಮಾತನ್ನಾಡಿದಂತೆ. ಮುಂದೊಂದು ದಿನ ವಾಕ್ಯವನ್ನು ಓದಿ, ಪ್ರಾರ್ಥಿಸಿ, ಯಾರ ಒತ್ತಾಯವೂ ಇಲ್ಲದೆ, ನನಗೆ ಆಗಿದ್ದದ್ದು ದೀಕ್ಷಾಸ್ನಾನವಲ್ಲವೆಂದು ನಿಮ್ಮ ಮನಸ್ಸಾಕ್ಷಿಗೇ ತೋರಿದರೆ, ಆಗ ಅದನ್ನು ತಡೆಯಲು ನಾನು ಯಾರೂ ಅಲ್ಲ.

ಈ ವಾರ ಮೊದಲು ಗಂಡನ ಜೊತೆ ಕುಳಿತು ಮಾತಾಡಿ, ಮನೆಯ ಹಿರಿಯರೆಲ್ಲ ಸೇರಿದಾಗ ಅಲ್ಲ. ನಿಮ್ಮ ಸಭೆಯನ್ನು ನಾನು ತಿರಸ್ಕರಿಸುತ್ತಿಲ್ಲ, ಅಲ್ಲಿ ಪ್ರಾರ್ಥನೆ ಕಲಿತಿದ್ದೇನೆ, ಆದರೆ ನನಗಾದ ದೀಕ್ಷಾಸ್ನಾನವನ್ನು ಅಲ್ಲವೆನ್ನಲಾರೆ ಎಂದು ಹೇಳಿ. ಆಮೇಲೆ ಇಬ್ಬರೂ ಕೂಡಿ ಪಾಸ್ಟರನ್ನು ಕಂಡು, ಪಟ್ಟಿಯಿಂದ ಹೆಸರು ತೆಗೆಯಿರೆಂದು ವಿನಯದಿಂದ ಕೇಳಿ. ಕರ್ತನ ಮೇಜು ಅಲ್ಲಿ ನಿಮಗೆ ಸಿಗದೆ ಹೋಗಬಹುದು. ಅದು ನೋವಿನ ಸಂಗತಿ, ಅದನ್ನು ನಾನು ಚಿಕ್ಕದು ಎನ್ನುವುದಿಲ್ಲ. ಬೆಂಗಳೂರಿನಲ್ಲಿ ಸಿ.ಎಸ್.ಐ. ಸಭೆಗಳು ಹಲವಿವೆ, ತಿಂಗಳಿಗೊಂದು ಭಾನುವಾರ ಅಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ಗಂಡನೂ ಜೊತೆಗೆ ಬಂದು ಕುಳಿತರೆ ಇನ್ನೂ ಒಳ್ಳೆಯದು.

ಅವ್ವನಿಗೆ ಇಂದೇ ಮತ್ತೆ ಫೋನು ಮಾಡಿ. ಸಮಜಾಯಿಷಿ ಹೇಳಲು ಹೋಗಬೇಡಿ. ಆ ದಿನ ನನ್ನನ್ನು ಎತ್ತಿಕೊಂಡು ನಿಂತಿದ್ದವರು ಯಾರು, ನೀರು ತಲೆಗೆ ಬಿದ್ದಾಗ ಅತ್ತೆನೇ, ಅಯ್ಯನವರು ಯಾವ ಹೆಸರು ಹಿಡಿದು ಕರೆದರು ಎಂದು ಕೇಳಿ, ಅವಳು ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳಿ.