‘ಸಾಕಷ್ಟು ನೀರು’ ಅಂದರೆ ಎಷ್ಟು? ಆಲೂಗಡ್ಡೆ ಲೇಖಕರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಮನೆಯಂಗಳದಲ್ಲಿ ಆಲೂಗಡ್ಡೆ ಬೆಳೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆವು. ಇದನ್ನು ನಂಬಿ ಪಾತಿ ಮಾಡಿದವರಿಗೆ ಗಿಡವೇನೋ ಬರುತ್ತದೆ, ಒಳ್ಳೆಯ ಗೆಡ್ಡೆ ಸಿಗುವ ಭರವಸೆಯಿಲ್ಲ. ಲೇಖನದ ಮುಕ್ಕಾಲು ಭಾಗ ನೆಡುವುದರಲ್ಲೇ ಮುಗಿದಿದೆ. ಗೆಡ್ಡೆಯ ಗುಣ ತೀರ್ಮಾನವಾಗುವುದು ಹೆಚ್ಚಾಗಿ ಆಮೇಲೆ.

ಮೊದಲು ತಪ್ಪುಗಳನ್ನು ತಿದ್ದಿ. ‘ನೆಡುವ ಮುನ್ನ ಸುಣ್ಣ ಬೆರೆಸಿ’ ಎಂದಿದ್ದೀರಿ. ಆಲೂಗಡ್ಡೆಗೆ ತುಸು ಹುಳಿ ಮಣ್ಣೇ ಹಿತ, ಮಣ್ಣಿನ ಹುಳಿ ಅಳೆಯುವ ಪಿಎಚ್ 5ರಿಂದ 6.5. ಸುಣ್ಣ ಹಾಕಿ ಹುಳಿ ತಗ್ಗಿಸಿ ಪಿಎಚ್ ಏರಿಸಿದರೆ ಸಿಪ್ಪೆಯ ಮೇಲೆ ಒರಟು ಕಜ್ಜಿ ಹೆಚ್ಚುತ್ತದೆ. ‘ವರ್ಷದ ಯಾವ ಕಾಲದಲ್ಲೂ ನೆಡಬಹುದು’ ಎಂಬ ಸಾಲನ್ನೂ ಅಳಿಸಿ. ರಾತ್ರಿಯ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ದಾಟಿದಂತೆಲ್ಲ ಗೆಡ್ಡೆ ಕಟ್ಟುವುದು ಕುಗ್ಗುತ್ತದೆ, ಸೊಪ್ಪು ಮಾತ್ರ ಸೊಂಪಾಗಿ ಬೆಳೆಯುತ್ತದೆ. ಸಾರಜನಕದ ಗೊಬ್ಬರ ಅತಿಯಾದರೂ ಇದೇ ಪಾಡು.

ಬಿತ್ತನೆಯ ಬಗ್ಗೆ ‘ಕತ್ತರಿಸಿ ನೆಡಿ’ ಎಂದಷ್ಟೇ ಬರೆದಿದ್ದೀರಿ. ಹೊಸಬರು ಸೋಲುವುದು ಇಲ್ಲೇ. ಹೋಳು 40ರಿಂದ 50 ಗ್ರಾಂ ಇರಬೇಕು, ಮೊಳಕೆ ಹೊರಡುವ ಕಣ್ಣುಗಳು ಕನಿಷ್ಠ ಎರಡಿರಬೇಕು, ಕತ್ತರಿಸಿದ ಮುಖ ಎರಡು ಮೂರು ದಿನ ನೆರಳಲ್ಲಿ ಒಣಗಿ ಪೊರೆ ಕಟ್ಟಬೇಕು. ಹಸಿ ಹೋಳನ್ನು ಒದ್ದೆ ಮಣ್ಣಿಗಿಟ್ಟರೆ ಮೊಳೆಯುವ ಮೊದಲೇ ಕೊಳೆಯುತ್ತದೆ. ಕೋಳಿಮೊಟ್ಟೆ ಗಾತ್ರದ ಇಡೀ ಗೆಡ್ಡೆ ಸಿಕ್ಕರೆ ಕತ್ತರಿಸುವ ಗೋಜೇ ಬೇಡ. ಅಡುಗೆಗೆ ತಂದ ಆಲೂಗಡ್ಡೆಯಲ್ಲಿ ನಂಜು (ವೈರಸ್) ರೋಗ ಅಡಗಿರಬಹುದು. ಪ್ರಮಾಣೀಕೃತ ಬಿತ್ತನೆ ಗೆಡ್ಡೆಯನ್ನೇ ಬಳಸಿ ಎಂದು ಬರೆಯಿರಿ. ಆಳ 10 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30, ಸಾಲಿನಿಂದ ಸಾಲಿಗೆ 60 ಎಂದು ಅಂಕಿ ಕೊಟ್ಟರೆ ಸಾಕು, ನಿಮ್ಮ ಎರಡು ಪ್ಯಾರಾದಷ್ಟು ಜಾಗ ಉಳಿಯುತ್ತದೆ.

ಉಳಿದ ಜಾಗವನ್ನು ಮಣ್ಣು ಏರಿಸುವುದಕ್ಕೂ ನೀರಿಗೂ ಕೊಡಿ. ಮಣ್ಣು ಏರಿಸುವುದು ‘ಬೇರು ಗಟ್ಟಿಯಾಗಲು’ ಅಲ್ಲ. ಗೆಡ್ಡೆಗಳು ಮೂಡುವುದು ನೆಟ್ಟ ಹೋಳಿಗಿಂತ ಮೇಲೆ, ಕಾಂಡದ ಬುಡದಿಂದ ಹೊರಡುವ ಕವಲುಗಳ ತುದಿಯಲ್ಲಿ. ಅವುಗಳಿಗೆ ಬೆಳಕು ತಾಗಿದರೆ ಹಸಿರಾಗುತ್ತವೆ, ಸೊಲನಿನ್ ಎಂಬ ಕಹಿ ವಿಷವೂ ಸೇರುತ್ತದೆ. ಗಿಡ 15-20 ಸೆಂಟಿಮೀಟರ್ ಆದಾಗ ತುದಿಯ ಎಲೆಗಳನ್ನು ಬಿಟ್ಟು ಬುಡಕ್ಕೆ ಮಣ್ಣು ಏರಿಸಬೇಕು, ಎರಡು ಮೂರು ವಾರಕ್ಕೆ ಇನ್ನೊಮ್ಮೆ. ಹಾಗೆಂದು ಎತ್ತರದ ಚೀಲದಲ್ಲಿ ಮಣ್ಣು ತುಂಬಿದಷ್ಟೂ ಪದರ ಪದರವಾಗಿ ಗೆಡ್ಡೆ ಬರುತ್ತದೆಂಬ ನಿಮ್ಮ ಮಾತು ಸರಿಯಲ್ಲ. ಆ ಕವಲುಗಳು ಹೆಚ್ಚಾಗಿ ಬುಡದ ಕೆಲವೇ ಗೆಣ್ಣುಗಳಿಂದ ಬರುತ್ತವೆ.

‘ಸಾಕಷ್ಟು ನೀರು ಹಾಕಿ’ ಎಂಬ ಸಲಹೆಯಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಮಳೆಯಿಲ್ಲದ ವಾರದಲ್ಲಿ ಒಂದು ಚದರ ಮೀಟರ್ ಪಾತಿಗೆ ಸುಮಾರು 25 ಲೀಟರ್, ಎರಡು ಮೂರು ಸಲ ಹಂಚಿ. ಬಿಸಿಲು ಜೋರಿದ್ದರೆ, ಮರಳು ಮಣ್ಣಾದರೆ ಇನ್ನೂ ಹೆಚ್ಚು. ಪ್ರಮಾಣಕ್ಕಿಂತಲೂ ಮುಖ್ಯ, ತೇವ ಏರಿಳಿಯದಂತೆ ನೋಡಿಕೊಳ್ಳುವುದು. ಒಣಗಿಸಿ ಒಮ್ಮೆಲೇ ನೀರುಣಿಸಿದರೆ ನಿಂತ ಬೆಳವಣಿಗೆ ದಿಢೀರನೆ ಶುರುವಾಗಿ ಗೆಡ್ಡೆ ಬಿರಿಯುತ್ತದೆ, ಗಂಟು ಗಂಟಾಗುತ್ತದೆ, ಒಳಗೆ ಟೊಳ್ಳೂ ಬೀಳಬಹುದು. ಗೆಡ್ಡೆ ಕಟ್ಟಲು ಶುರುವಾದ ಮೊದಲ ವಾರಗಳಲ್ಲಿ ಮಣ್ಣು ಒಣಗಿದರೆ ಕಜ್ಜಿಗೂ ದಾರಿ. ಈ ಭಾಗವನ್ನು ದಯವಿಟ್ಟು ವಿಸ್ತರಿಸಿ, ಲೇಖನದ ಜೀವ ಇಲ್ಲಿದೆ.

ಸೊಪ್ಪು ಕೊಳೆಸುವ ಅಂಗಮಾರಿ ರೋಗಕ್ಕೆ ಒಂದು ಪ್ಯಾರಾ ಸಾಕು: ಎಲೆಯಲ್ಲಿ ನೀರಲ್ಲಿ ನೆಂದಂಥ ಕಂದು ಮಚ್ಚೆ, ತೇವದಲ್ಲಿ ಅಡಿಬದಿಗೆ ಬಿಳಿ ಬೂಷ್ಟು. ಬೇಗ ಹರಡಿದರೆ ಸೊಪ್ಪು ಕತ್ತರಿಸಿ ಹೊರಹಾಕಿ, ಎರಡು ವಾರ ಬಿಟ್ಟು ಅಗೆಯಬೇಕು.

ಕೊಯ್ಲು ನಿಮ್ಮಲ್ಲಿ ಒಂದೇ ವಾಕ್ಯ. ಸೊಪ್ಪು ಹಳದಿಯಾಗಿ ಒಣಗಿದ ಮೇಲೂ 10-14 ದಿನ ಮಣ್ಣಲ್ಲೇ ಬಿಟ್ಟರೆ ಸಿಪ್ಪೆ ಬಲಿಯುತ್ತದೆ. ಹೆಬ್ಬೆರಳಿಂದ ಉಜ್ಜಿದಾಗ ಸಿಪ್ಪೆ ಸುಲಿದು ಬಂದರೆ ಇನ್ನೂ ಕಾಯಬೇಕು. ಅಗೆದದ್ದನ್ನು ತೊಳೆಯದೆ ಕತ್ತಲೆಯಲ್ಲಿ, ಗಾಳಿಯಾಡುವಲ್ಲಿ ಇಡಬೇಕು. ಫ್ರಿಜ್ ಬೇಡ, ಅಲ್ಲಿನ ಚಳಿಗೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ.

‘ಗಿಡಕ್ಕೆ ಐದು ಕೆಜಿ’ ಎಂಬ ತಲೆಬರಹವನ್ನು ಬದಲಿಸಿ. ಚೆನ್ನಾಗಿ ಬೆಳೆದ ಗಿಡ ಒಂದು ಕೆಜಿ ಆಸುಪಾಸು ಕೊಡುತ್ತದೆ. ಇಷ್ಟು ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇವೆ.

— ಸಂಪಾದಕರು